ಎಂಸಿಬಿ ಇದೆಯಲ್ಲ, ಬೆಂಕಿ ಯಾಕೆ ಹತ್ತುತ್ತದೆ? ಹಬ್ಬದ ದಿನಗಳ ಬಗ್ಗೆ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ಈ ಸಲ ಹಬ್ಬಕ್ಕೆ ನಮ್ಮ ಮನೆಗೆ ತುಂಬಾ ಜನ ನೆಂಟರು ಬರುತ್ತಿದ್ದಾರೆ. ಎಲ್ಲಾ ಕಡೆ ಲೈಟಿನ ಸರ, ದೀಪ, ಮೇಣದಬತ್ತಿ. ಅಡುಗೆಮನೆಯಲ್ಲಿ ಎರಡು ದಿನ ಒಲೆ ಆರುವುದೇ ಇಲ್ಲ. ನನಗೆ ಬೆಂಕಿಯದೇ ಭಯ. ಮನೆಯವರು ಮಾತ್ರ "ಕರೆಂಟು ಜಾಸ್ತಿಯಾದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚು ಇದೆ, ಈಗೆಲ್ಲ ಎಲ್‌ಇಡಿ ಲೈಟು, ಏನೂ ಆಗಲ್ಲ, ಬೇಕಾದರೆ ಒಂದು ಫೈರ್ ಎಕ್ಸ್‌ಟಿಂಗ್ವಿಷರ್ ತಂದಿಡೋಣ" ಅನ್ನುತ್ತಾರೆ. ಅಷ್ಟು ಸಾಕಾ? ನಿಜವಾಗಿ ಯಾವುದಕ್ಕೆ ಹೆದರಬೇಕು?

ಉತ್ತರ: ಸಾಕಾಗುವುದಿಲ್ಲ. ಆದರೆ ಎಲ್ಲದಕ್ಕೂ ಹೆದರಿ ಕೂರಬೇಕಾಗಿಯೂ ಇಲ್ಲ. ಹೆದರಿಕೆಗೂ ಒಂದು ಸರದಿ ಇದೆ, ಅದನ್ನು ಸರಿಯಾಗಿ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮೊದಲು ಒಲೆ. ಆಮೇಲೆ ತೆರೆದ ಜ್ವಾಲೆ, ಅಂದರೆ ನಿಮ್ಮ ದೀಪ, ಮೇಣದಬತ್ತಿ. ಆಮೇಲೆ ಕರೆಂಟು. ಬೆಂಕಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು "ಶಾರ್ಟ್ ಸರ್ಕ್ಯೂಟ್" ಅಂತ. ಆದರೆ ಮನೆ ಬೆಂಕಿಯ ಲೆಕ್ಕವನ್ನು ಸರಿಯಾಗಿ ಇಡುವ ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ವರ್ಷ ವರ್ಷವೂ ಮೊದಲ ಸ್ಥಾನದಲ್ಲಿರುವುದು ಅಡುಗೆ. ಅದರಲ್ಲೂ ಒಲೆ ಹಚ್ಚಿಟ್ಟು ಬೇರೆ ಕಡೆ ಹೋದ ಅಡುಗೆ.

ನನ್ನ ಪ್ರಕಾರ ಹಬ್ಬ ಹೊಸ ಥರದ ಬೆಂಕಿಯನ್ನೇನೂ ತರುವುದಿಲ್ಲ. ಅದೇ ಒಲೆ, ಅದೇ ಪ್ಲಗ್ಗು, ಅದೇ ಪರದೆ. ಬದಲಾಗುವುದು ಏನು ಅಂದರೆ ಎಲ್ಲವೂ ಒಟ್ಟಿಗೆ ಉರಿಯುತ್ತಿರುತ್ತದೆ, ನೋಡುವವರು ಮಾತ್ರ ಯಾರೂ ಇರುವುದಿಲ್ಲ. ಮನೆ ತುಂಬ ಜನ ಇದ್ದಾಗ "ಯಾರೋ ನೋಡಿಕೊಳ್ತಾರೆ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಾಗಿ ಸಾಮಾನು ಕೊಳ್ಳುವ ಮೊದಲು ಹೆಸರು ಹಂಚಿ. ಒಲೆಯ ಮುಂದೆ ಇವರು, ದೀಪಗಳಿಗೆ ಇವರು, ಮಲಗುವ ಮುಂಚೆ ಒಂದು ಸುತ್ತು ಹಾಕುವವರು ಇವರು. "ಎಲ್ಲರೂ ಸ್ವಲ್ಪ ಗಮನ ಇಡಿ" ಅಂದರೆ ಯಾರಿಗೂ ಹೇಳಲಿಲ್ಲ ಅಂತಲೇ ಅರ್ಥ.

ಈಗ ಒಲೆಗೆ ಬರೋಣ. ಕರಿಯುವ ಎಣ್ಣೆ ಸಾಮಾನ್ಯವಾಗಿ 170ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. 200 ದಾಟಿ 230ರ ಆಸುಪಾಸಿಗೆ ಹೋಗುವಷ್ಟರಲ್ಲಿ ಹೆಚ್ಚಿನ ಅಡುಗೆ ಎಣ್ಣೆಗಳು ಹೊಗೆಯಾಡಲು ಶುರು ಮಾಡುತ್ತವೆ. ಅದು ಎಣ್ಣೆ ಕೊಡುವ ಎಚ್ಚರಿಕೆ. ಅಲ್ಲಿ ಒಲೆ ಆರಿಸಿದರೆ ಕಥೆ ಮುಗಿಯಿತು. ಆರಿಸದೆ ಬಿಟ್ಟರೆ 350 ಡಿಗ್ರಿ ದಾಟಿದ ಮೇಲೆ ಎಣ್ಣೆಗೆ ಕಿಡಿಯೂ ಬೇಡ, ತಾನಾಗಿಯೇ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯಲ್ಲಿ ಅಷ್ಟು ದೂರ ಹೋಗುವುದೂ ಬೇಡ. ಬಾಣಲೆಯ ಅಂಚಿನಿಂದ ಇಳಿಯುವ ಎಣ್ಣೆಯ ಆವಿಗೆ ಪಕ್ಕದಲ್ಲೇ ಜ್ವಾಲೆ ಸಿಗುತ್ತದೆ. ಎಣ್ಣೆ ಕಡಿಮೆ ಇದ್ದಷ್ಟೂ ಬೇಗ ಕಾಯುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ತಳದಲ್ಲಿ ಸ್ವಲ್ಪ ಎಣ್ಣೆ ಇರುವ ಬಾಣಲೆಯನ್ನು ದೊಡ್ಡ ಉರಿಯಲ್ಲಿಟ್ಟು, ಬಾಗಿಲಿಗೆ ಬಂದವರ ಜೊತೆ ನಾಲ್ಕು ಮಾತಾಡಿ ಬರುವುದರೊಳಗೆ ಹೊಗೆಯ ಹಂತ ದಾಟಿ ಹೋಗಿರಬಹುದು.

ಅಕಸ್ಮಾತ್ ಹತ್ತಿಕೊಂಡಿತು ಅಂದುಕೊಳ್ಳಿ. ಕೈ ತಾನಾಗಿ ನೀರಿಗೆ ಹೋಗುತ್ತದೆ. ದಯವಿಟ್ಟು ಬೇಡ. ನೀರು ಎಣ್ಣೆಗಿಂತ ಭಾರ, ಸುರಿದ ತಕ್ಷಣ ತಳಕ್ಕೆ ಇಳಿಯುತ್ತದೆ. ಸುತ್ತ 300 ಡಿಗ್ರಿಗೂ ಮೀರಿದ ಎಣ್ಣೆ, ನೀರು ಆವಿಯಾಗುವುದಕ್ಕೆ ಬೇಕಾದದ್ದು ಬರೀ 100. ಆವಿಯಾಗುವಾಗ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ದೊಡ್ಡ ಚಮಚ ನೀರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸುಮಾರು 25 ಲೀಟರ್ ಆವಿಯಾಗಿ, ಮೇಲಿರುವ ಉರಿಯುವ ಎಣ್ಣೆಯನ್ನೆಲ್ಲ ಹನಿ ಹನಿಯಾಗಿ ಮೇಲಕ್ಕೆ ಎಸೆಯುತ್ತದೆ. ಹನಿಯಾದ ಎಣ್ಣೆಗೆ ಗಾಳಿ ಇನ್ನೂ ಚೆನ್ನಾಗಿ ಸಿಗುತ್ತದೆ. ಬಾಣಲೆಯಷ್ಟಿದ್ದ ಬೆಂಕಿ ಚಾವಣಿ ಮುಟ್ಟುವುದು ಹೀಗೆ. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದು ಅದಕ್ಕಿಂತ ದೊಡ್ಡ ತಪ್ಪು. ಹಿಡಿ ಬಿಸಿಯಾಗಿರುತ್ತದೆ, ನಡೆದರೆ ಜ್ವಾಲೆ ನಿಮ್ಮ ಕಡೆಗೇ ಬಾಗುತ್ತದೆ, ಕೈ ಸಡಿಲವಾಗಿ ಎಣ್ಣೆ ಕಾಲಿನ ಮೇಲೆ, ನೆಲದ ಮೇಲೆ ಹರಿಯುತ್ತದೆ.

ಮಾಡಬೇಕಾದದ್ದು ಬಹಳ ಸರಳ. ಕೈಗೆ ಸಿಗುವಂತಿದ್ದರೆ ಒಲೆ ಆರಿಸಿ, ಬಾಣಲೆಗಿಂತ ದೊಡ್ಡದಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ. ಮೇಲಿನಿಂದ ಇಟ್ಟರೆ ಕೈ ಜ್ವಾಲೆಯ ಮೇಲೆ ಬರುತ್ತದೆ, ಅದಕ್ಕೇ ಪಕ್ಕದಿಂದ ಅಂದದ್ದು. ಅಷ್ಟು ಮಾಡಿ ಸುಮ್ನೆ ಬಿಡಿ. "ಆರಿತಾ ನೋಡೋಣ" ಅಂತ ಎರಡು ನಿಮಿಷಕ್ಕೆ ಮುಚ್ಚಳ ತೆಗೆದರೆ ಎಣ್ಣೆ ಇನ್ನೂ ಬಿಸಿಯಾಗಿರುತ್ತದೆ, ಗಾಳಿ ಸಿಕ್ಕ ಕೂಡಲೇ ಮತ್ತೆ ಹತ್ತುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಹಾಗೇ ಇರಲಿ. ಈ ಮುಚ್ಚಳವನ್ನು ಕರಿಯಲು ಶುರು ಮಾಡುವ ಮೊದಲೇ ಒಲೆಯ ಪಕ್ಕ ಇಟ್ಟುಕೊಳ್ಳಬೇಕು. ಬೆಂಕಿ ಎದ್ದ ಮೇಲೆ ಅಟ್ಟದಲ್ಲಿ ಹುಡುಕುವ ವಸ್ತು ಅದಲ್ಲ. ಗಾಜಿನ ಮುಚ್ಚಳ ಬೇಡ, ಒಡೆಯಬಹುದು. ಮತ್ತೆ ಹಿಟ್ಟು ಎರಚಬೇಡಿ, ಯಾರೇ ಹೇಳಿದರೂ. ನುಣ್ಣಗಿನ ಹಿಟ್ಟು ಗಾಳಿಯಲ್ಲಿ ಹರಡಿದಾಗ ತಾನೇ ಹತ್ತಿ ಉರಿಯುತ್ತದೆ.

ಕರಿಯುವವರ ಬಟ್ಟೆಯ ಬಗ್ಗೆಯೂ ಒಂದು ಮಾತು. ಹಬ್ಬದ ಬಟ್ಟೆ ಹಾಕಿಕೊಂಡು ಒಲೆ ಮುಂದೆ ನಿಲ್ಲಬೇಡಿ. ಜೋಲಾಡುವ ತೋಳು, ಇಳಿಬಿದ್ದ ಅಂಚು ಉರಿಗೆ ತಗಲುವುದು ಗೊತ್ತೇ ಆಗುವುದಿಲ್ಲ. ಸಿಂಥೆಟಿಕ್ ಬಟ್ಟೆಯಾದರೆ ಉರಿಯುವುದರ ಜೊತೆಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಟ್ಟೆಗೆ ಹತ್ತಿದರೆ ಓಡಬಾರದು, ಓಡಿದಷ್ಟೂ ಉರಿ ಜಾಸ್ತಿ. ನಿಂತು, ನೆಲಕ್ಕೆ ಮಲಗಿ, ಮುಖ ಮುಚ್ಚಿಕೊಂಡು ಉರುಳಬೇಕು. ಮಕ್ಕಳಿಗೆ ಇದನ್ನು ಆಟದ ಹಾಗೆ ಒಮ್ಮೆ ಮಾಡಿಸಿಬಿಡಿ, ಬಾಯಲ್ಲಿ ಹೇಳಿದರೆ ನೆನಪಿರುವುದಿಲ್ಲ.

ಸುಟ್ಟ ಗಾಯಕ್ಕೆ ಹರಿಯುವ ತಂಪು ನೀರು, 20 ನಿಮಿಷ. ಬಹಳ ಜನ ಎರಡು ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಬೆಣ್ಣೆ ಬೇಡ. ಉಂಗುರ, ಬಳೆ ಇದ್ದರೆ ಊದಿಕೊಳ್ಳುವ ಮುಂಚೆ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬೇಡಿ. ಮುಖ, ಕೈ, ಕೀಲುಗಳು ಸುಟ್ಟಿದ್ದರೆ ಅಥವಾ ಗಾಯ ಅಂಗೈಗಿಂತ ದೊಡ್ಡದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮಗುವಿಗಾದರೆ ಗಾಯ ಚಿಕ್ಕದಿದ್ದರೂ ತೋರಿಸುವುದು ಒಳ್ಳೆಯದು.

ಗ್ಯಾಸ್ ವಿಷಯ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಕಪಾಟಿನ ಅಡಿಯಲ್ಲಿ, ಚರಂಡಿಯ ಕಿಂಡಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗದಷ್ಟು ಸೇರಿದರೂ ಸಾಕು, ಕಿಡಿ ಸಿಕ್ಕರೆ ಹತ್ತುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಹೆಚ್ಚಾಗಿ ಮೀಥೇನ್, ಅದು ಹಗುರ, ಚಾವಣಿಯ ಕಡೆ ಸೇರುತ್ತದೆ. ಎರಡಕ್ಕೂ ಸ್ವಂತ ವಾಸನೆ ಇಲ್ಲ. ನಮಗೆ ಬರುವ ಆ ಕೆಟ್ಟ ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ, ಸೋರಿಕೆ ಗೊತ್ತಾಗಲಿ ಅಂತ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಗ್ಯಾಸ್ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುವವರು ಇದ್ದಾರೆ, ಒಳ್ಳೆಯ ಉದ್ದೇಶ, ಕೆಟ್ಟ ಪರಿಣಾಮ. ಫೋನೂ ಹೊರಗೆ ಹೋದ ಮೇಲೆ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ರಬ್ಬರ್ ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರಿಗೆ ನಾನು ಏನು ಹೇಳಲಿ.

ದೀಪ, ಮೇಣದಬತ್ತಿಗೆ ಜಾಸ್ತಿ ವಿವರ ಬೇಕಿಲ್ಲ. ಜ್ವಾಲೆ ಚಿಕ್ಕದಾದರೂ ಅದರ ಬಿಸಿ 1,000 ಡಿಗ್ರಿಯ ಮೇಲೆ. ಪರದೆ, ಕಾಗದ, ಒಣ ಎಲೆಗಳ ಅಲಂಕಾರ ಇವೆಲ್ಲ ಕನಿಷ್ಠ 30 ಸೆಂಟಿಮೀಟರ್ ದೂರ ಇರಲಿ. ದೂರ ಅಳೆಯುವಾಗ ಪರದೆ ಸುಮ್ಮನೆ ನೇತಾಡುತ್ತಿರುವ ಜಾಗದಿಂದ ಅಳೆಯಬೇಡಿ, ಗಾಳಿಗೆ ಹಾರಿದಾಗ ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿ. ಮೇಲಿನ ದೂರ ಇನ್ನೂ ಮುಖ್ಯ, ಬಿಸಿ ಗಾಳಿ ನೇರ ಮೇಲೆ ಹೋಗುತ್ತದೆ, ಶೆಲ್ಫಿನೊಳಗೆ ಹಚ್ಚಿಟ್ಟ ಮೇಣದಬತ್ತಿ ಮೇಲಿನ ಹಲಗೆಯನ್ನು ನಿಧಾನವಾಗಿ ಸುಡುತ್ತಿರುತ್ತದೆ. ದೀಪದ ಕೆಳಗೆ ಅಗಲವಾದ, ಸುಡದ ತಟ್ಟೆ ಇರಲಿ. ಮಕ್ಕಳ ಕೈಗೆ, ಬೆಕ್ಕಿನ ಬಾಲಕ್ಕೆ ಸಿಗದ ಎತ್ತರ ಇರಲಿ. ತಾಜಾ ಇದ್ದಾಗ ಸುಲಭಕ್ಕೆ ಹತ್ತದ ಸೊಪ್ಪು, ಕೊಂಬೆ ನಾಲ್ಕೈದು ದಿನಕ್ಕೆ ಒಣಗಿ ಒಂದೇ ಉಸಿರಿಗೆ ಹತ್ತುವಂತಾಗುತ್ತದೆ, ಹಬ್ಬ ಮುಗಿದ ಮೇಲೆ ವಾರಗಟ್ಟಲೆ ಬಿಡಬೇಡಿ. ಮನೆಯವರೆಲ್ಲ ಹೊರಗೆ ಹೊರಟಾಗ, ಅಥವಾ ಆ ಕೋಣೆಯಲ್ಲಿ ಯಾರೂ ಇಲ್ಲದಾಗ, ದೀಪ ಉರಿಯುತ್ತಿರಬಾರದು. ಉರಿಯುತ್ತಲೇ ಇರಬೇಕು ಅನ್ನುವ ನಂಬಿಕೆ ಇದ್ದರೆ ಬ್ಯಾಟರಿಯ ದೀಪ ಜೊತೆಗಿಡಿ, ಅಥವಾ ಒಬ್ಬರು ಅಲ್ಲೇ ಕೂರಲಿ. ಮೂರನೇ ದಾರಿ ನನಗೆ ಗೊತ್ತಿಲ್ಲ.

ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ರೂಮ್ ಫ್ರೆಶ್ನರ್, ಬಾಡಿ ಸ್ಪ್ರೇ, ಸೊಳ್ಳೆ ಸ್ಪ್ರೇ ಡಬ್ಬಿಗಳಲ್ಲಿ ಒತ್ತಡಕ್ಕೆ ತುಂಬಿರುವುದು ಹೆಚ್ಚಾಗಿ ಬ್ಯುಟೇನ್, ಪ್ರೊಪೇನ್. ಎಲ್‌ಪಿಜಿಯಲ್ಲಿ ಇರುವುದೂ ಅದೇ. ಅತಿಥಿಗಳು ಬರುವ ಮುಂಚೆ ಘಮ ಬರಲಿ ಅಂತ ಹಚ್ಚಿದ ದೀಪದ ಪಕ್ಕ ಸ್ಪ್ರೇ ಹೊಡೆಯುವುದು ಅಂದರೆ ಜ್ವಾಲೆಗೆ ಗ್ಯಾಸ್ ಬಿಟ್ಟ ಹಾಗೆಯೇ.

ಈಗ ನಿಮ್ಮ ಮನೆಯವರ ಎಂಸಿಬಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಒಂದು ನಂಬಿಕೆಯಿಂದ ಆಗುವ ತೊಂದರೆ ಕಮ್ಮಿ ಏನಲ್ಲ.

ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. ನೀವು ಚುಚ್ಚಿದ ಎಕ್ಸ್‌ಟೆನ್ಶನ್ ಬೋರ್ಡ್ ಅದರ ಲೆಕ್ಕದಲ್ಲೇ ಇಲ್ಲ. ಗೋಡೆಯ ವೈರು 16 ಆಂಪಿಯರ್‌ಗೆ ಆಗುವಂಥದ್ದು, ಎಂಸಿಬಿ 16ರದ್ದು, ಆದರೆ ಎಕ್ಸ್‌ಟೆನ್ಶನ್ ಬೋರ್ಡಿನ ತೆಳ್ಳಗಿನ ವೈರು 6 ಅಥವಾ 10 ಆಂಪಿಯರ್‌ನದ್ದು ಅಂದುಕೊಳ್ಳಿ. ಅದಕ್ಕೆ 2,000 ವ್ಯಾಟ್‌ನ ಹೀಟರ್, 1,500 ವ್ಯಾಟ್‌ನ ಕೆಟಲ್ ಎರಡನ್ನೂ ಹಾಕಿದಿರಿ. 230 ವೋಲ್ಟ್ ಇರುವ ಕಡೆ ಒಂದಕ್ಕೆ ಸುಮಾರು 8.7, ಇನ್ನೊಂದಕ್ಕೆ 6.5, ಒಟ್ಟು 15 ಆಂಪಿಯರ್ ಚಿಲ್ಲರೆ. ಎಂಸಿಬಿಯ ಕಣ್ಣಿಗೆ ಎಲ್ಲ ಸರಿಯಾಗಿದೆ, ಅದು ಬೀಳುವುದಿಲ್ಲ. ಇತ್ತ ತೆಳ್ಳಗಿನ ವೈರು ಬೇಯುತ್ತಿದೆ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿಯವರೆಗೆ, ಆಮೇಲೆ ಮೆತ್ತಗಾಗಿ ಹಾಳಾಗುತ್ತದೆ. ಆ ವೈರನ್ನು ಸುರುಳಿ ಸುತ್ತಿ ಕಾರ್ಪೆಟ್ಟಿನ ಅಡಿಗೆ ತಳ್ಳಿದ್ದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ.

ಇನ್ನೊಂದು. 16 ಆಂಪಿಯರ್‌ನ ಎಂಸಿಬಿ 16.1 ಆದ ಕೂಡಲೇ ಬೀಳುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಿಲ್ಲ. ಮನೆಗಳ ಎಂಸಿಬಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ, ಐಇಸಿ 60898, ಹೇಳುವುದು ಹೀಗೆ: 1.13 ಪಟ್ಟು, ಅಂದರೆ 18 ಆಂಪಿಯರ್ ಹರಿದರೆ ಒಂದು ಗಂಟೆಯವರೆಗೂ ಅದು ಬೀಳಬಾರದು. 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಆದರೆ ಒಂದು ಗಂಟೆಯ ಒಳಗೆ ಬೀಳಬೇಕು. ಗಮನಿಸಿ, ಒಂದು ಗಂಟೆ. ಶಾರ್ಟ್ ಸರ್ಕ್ಯೂಟ್ ಆದರೆ ಕ್ಷಣದಲ್ಲಿ ಬೀಳುತ್ತದೆ, ಅದರಲ್ಲಿ ಅನುಮಾನ ಇಲ್ಲ. ಸ್ವಲ್ಪ ಸ್ವಲ್ಪ ಜಾಸ್ತಿಯಾಗುವ ಓವರ್‌ಲೋಡಿಗೆ ಅದು ತಾಳ್ಮೆಯಿಂದ ಕಾಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಲೂಸ್ ಕಾಂಟ್ಯಾಕ್ಟ್. ಪ್ಲಗ್ಗು ಸಾಕೆಟ್ಟಿನಲ್ಲಿ ಅಲ್ಲಾಡುತ್ತಿದೆ, ಅಥವಾ ಒಳಗೆ ಸ್ಕ್ರೂ ಸಡಿಲವಾಗಿದೆ. ಆ ಜಾಗದಲ್ಲಿ ಕಾಲು ಓಮ್‌ನಷ್ಟು ತಡೆ ಹುಟ್ಟಿದೆ ಅಂದುಕೊಳ್ಳಿ. 10 ಆಂಪಿಯರ್ ಹರಿದರೆ ಆ ಚುಕ್ಕೆಯಷ್ಟು ಜಾಗದಲ್ಲಿ 25 ವ್ಯಾಟ್ ಬಿಸಿ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್ಟಿನೊಳಗೆ ಹಚ್ಚಿಟ್ಟು ಮರೆತ ಹಾಗೆ ಅದು. ಇಲ್ಲಿ ಕರೆಂಟು ಜಾಸ್ತಿಯಾಗುವುದೇ ಇಲ್ಲ, ಬದಲಿಗೆ ಒಂದು ಕೂದಲೆಳೆ ಕಡಿಮೆಯೇ ಆಗುತ್ತದೆ. ಹಾಗಾಗಿ ಎಂಸಿಬಿಗೆ ಗೊತ್ತಾಗಲು ದಾರಿಯೇ ಇಲ್ಲ. ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ, ಅದು ನೋಡುವುದು ಭೂಮಿಗೆ ಸೋರುವ ಕರೆಂಟನ್ನು. ಆರ್‌ಸಿಸಿಬಿ ಬೇಡ ಅಂತಲ್ಲ, 30 ಮಿಲಿಆಂಪಿಯರ್‌ನದ್ದು ಮನೆಯಲ್ಲಿ ಇರಲೇಬೇಕು, ಜೀವ ಉಳಿಸುತ್ತದೆ, ತೇವ ಕೂತು ಸೋರುವ ಕರೆಂಟನ್ನೂ ಹಿಡಿಯುತ್ತದೆ. ಸಡಿಲ ಸಂಪರ್ಕದ ಕಿಡಿಯನ್ನು ಗುರುತಿಸುವ ಸಾಧನ ಬೇರೆಯೇ ಇದೆ, ಎಎಫ್‌ಡಿಡಿ ಅನ್ನುತ್ತಾರೆ. ಅದು ಬಹಳ ಮನೆಗಳಲ್ಲಿ ಇರುವುದಿಲ್ಲ, ಕಿಡಿಯಿಲ್ಲದೆ ಬರೀ ಬಿಸಿಯಾಗುತ್ತಿದ್ದರೆ ಅದಕ್ಕೂ ಕಾಣುವುದಿಲ್ಲ.

ಹಾಗಾದರೆ ಏನು ಮಾಡುವುದು? ನಿಮ್ಮ ಕೈ, ನಿಮ್ಮ ಮೂಗು. ಹಬ್ಬದ ದಿನ ಎಲ್ಲ ಹಾಕಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗುಗಳ ಪ್ಲಾಸ್ಟಿಕ್ ಭಾಗವನ್ನು ಒಣ ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಸಾಲಿನ ಎಂಸಿಬಿ ಇಳಿಸಿ, ಆಮೇಲೆ ಪ್ಲಗ್ಗು ತೆಗೆಯಿರಿ. ಸಾಕೆಟ್ಟಿನ ಸುತ್ತ ಕಂದು ಕಲೆ, ಚರಚರ ಸದ್ದು, ಸುಟ್ಟ ಪ್ಲಾಸ್ಟಿಕ್ ಅಥವಾ ಹಳಸಿದ ಮೀನಿನಂಥ ವಾಸನೆ, ಲೈಟು ಮಿಣುಕುವುದು ಇವೆಲ್ಲ ಒಂದೇ ಕಥೆ ಹೇಳುತ್ತಿರುತ್ತವೆ. ಆ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಬಳಸಬೇಡಿ. ಹೀಟರ್, ಇಸ್ತ್ರಿಪೆಟ್ಟಿಗೆ, ಕೆಟಲ್, ಓವನ್‌ನಂಥ ಬಿಸಿ ಮಾಡುವ ಸಾಧನಗಳು ನೇರ ಗೋಡೆಯ ಸಾಕೆಟ್ಟಿಗೇ ಹೋಗಲಿ. ಎಕ್ಸ್‌ಟೆನ್ಶನ್‌ನಿಂದ ಎಕ್ಸ್‌ಟೆನ್ಶನ್ ಎಳೆಯುವುದು ಬೇಡವೇ ಬೇಡ. ಬೋರ್ಡಿನ ಹಿಂದೆ ಎಷ್ಟು ವ್ಯಾಟ್ ಅಥವಾ ಆಂಪಿಯರ್ ಅಂತ ಬರೆದಿರುತ್ತದೆ, ಅದನ್ನು ಓದಿ ಕೂಡಿಸಿ ನೋಡಿ. ಏನೂ ಬರೆದಿಲ್ಲದ ಬೋರ್ಡಾದರೆ ಫೋನ್ ಚಾರ್ಜಿಗೆ ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ.

ಎಲ್‌ಇಡಿ ಬಗ್ಗೆ ನಿಮ್ಮ ಮನೆಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಹಳೆಯ ಫಿಲಮೆಂಟ್ ಬಲ್ಬು ತೆಗೆದುಕೊಂಡ ಕರೆಂಟಿನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬಿಸಿಯಾಗಿಯೇ ಹೋಗುತ್ತಿತ್ತು, ಕಾಗದಕ್ಕೆ ತಗಲಿದರೆ ಕಂದಿಸುತ್ತಿತ್ತು. ಎಲ್‌ಇಡಿಗೆ ಆ ಸಮಸ್ಯೆ ತೀರಾ ಕಡಿಮೆ. ಆದರೆ ಅಗ್ಗದ ಸರಗಳಲ್ಲಿ ಅಪಾಯ ಇರುವುದು ದೀಪದಲ್ಲಿ ಅಲ್ಲ, ಅಡಾಪ್ಟರಿನಲ್ಲಿ ಮತ್ತು ಜಾಯಿಂಟಿನಲ್ಲಿ. ಕೂದಲಿನಂಥ ವೈರು, ಬರೀ ಟೇಪ್ ಸುತ್ತಿದ ಜೋಡಣೆ, ಪಿನ್ ಇಲ್ಲದ ಬರೀ ವೈರಿನ ತುದಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು, ಇಂಥದ್ದನ್ನು ಎಲ್‌ಇಡಿ ಕಾಪಾಡುವುದಿಲ್ಲ. ಕಳೆದ ವರ್ಷದ ಸರವನ್ನು ನೇತುಹಾಕುವ ಮೊದಲು ಇಡೀ ಉದ್ದ ಕೈಯಲ್ಲಿ ಹಾಯಿಸಿ ನೋಡಿ, ಪ್ಲಗ್ಗಿಗೆ ಹಾಕದೆ. ಇಲಿ ಕಡಿದಿದ್ದರೆ, ಹೊದಿಕೆ ಬಿರಿದಿದ್ದರೆ ಎಸೆಯಿರಿ, ಟೇಪ್ ಹಾಕಿ ಉಳಿಸುವಂಥ ವಸ್ತು ಅದಲ್ಲ. ಮೊಳೆ ಹೊಡೆದು ವೈರು ಸಿಕ್ಕಿಸಬೇಡಿ. ಮನೆಯ ಹೊರಗೆ ಹಾಕುವುದಾದರೆ ಕನಿಷ್ಠ ಐಪಿ44 ಅಂತ ಬರೆದಿರಲಿ, ಅಂದರೆ ನೀರು ಎರಚಿದರೂ ತಡೆಯುತ್ತದೆ ಅಂತ. ರಾತ್ರಿ ಮಲಗುವಾಗ ಎಲ್ಲ ಆರಿಸಿ. ಆರಿಸಲು ಮರೆಯುತ್ತೇವೆ ಅಂದರೆ ಟೈಮರ್ ಹಾಕಿಬಿಡಿ, ಮನುಷ್ಯರ ನೆನಪಿಗಿಂತ ಅದು ಗಟ್ಟಿ.

ಹೀಟರಿನಿಂದ ಒಂದು ಮೀಟರ್ ಸುತ್ತ ಹಾಸಿಗೆ, ಪರದೆ, ಬಟ್ಟೆ ಏನೂ ಬೇಡ, ಅದರ ಮೇಲೆ ಬಟ್ಟೆ ಒಣಗಿಸುವುದಂತೂ ಬೇಡ. ಮುಚ್ಚಿದ ಕೋಣೆಯೊಳಗೆ ಇದ್ದಿಲು ಕೆಂಡ ಇಟ್ಟುಕೊಂಡು ಮಲಗುವುದು ಬೆಂಕಿಗಿಂತ ಮೊದಲು ಕಾರ್ಬನ್ ಮೊನಾಕ್ಸೈಡ್‌ನಿಂದ ಕೊಲ್ಲುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಂಡ, ಬೂದಿ ಎಸೆಯುವಾಗ ಆರಿದೆ ಅಂತ ನಂಬಬೇಡಿ, ಬೂದಿಯ ಒಳಗೆ ಮರುದಿನವೂ ಜೀವ ಇರುತ್ತದೆ. ಪಟಾಕಿ ಹಚ್ಚುವವರಿದ್ದರೆ ಉರಿದ ಕಡ್ಡಿಗಳನ್ನು ನೇರ ನೀರಿನ ಬಕೆಟ್ಟಿಗೆ ಹಾಕಿ, ಚಾವಣಿ ಮತ್ತು ಮಹಡಿಯಲ್ಲಿ ಬಿದ್ದಿರುವ ಒಣ ಎಲೆ, ರಟ್ಟು ಮೊದಲೇ ತೆಗೆಸಿ, ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿರಲಿ.

ಲಿಥಿಯಂ ಬ್ಯಾಟರಿಗಳ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಹಬ್ಬದ ಸಮಯದಲ್ಲಿ ಹೊಸ ಆಟಿಕೆ, ಪವರ್ ಬ್ಯಾಂಕ್, ಸ್ಕೂಟರ್ ಎಲ್ಲ ಬರುತ್ತವೆ, ನೆಂಟರೆಲ್ಲ ರಾತ್ರಿ ಒಟ್ಟಿಗೆ ಚಾರ್ಜಿಗೆ ಹಾಕುತ್ತಾರೆ. ಈ ಬ್ಯಾಟರಿ ಒಳಗೆ ಕೆಟ್ಟರೆ ಒಂದು ಕೋಶದ ಬಿಸಿ ಪಕ್ಕದ ಕೋಶವನ್ನು ಕೆಡಿಸುತ್ತಾ ಸರಪಳಿಯಂತೆ ಹೋಗುತ್ತದೆ, ಆರಿದಂತೆ ಕಂಡರೂ ಗಂಟೆಗಳ ನಂತರ ಮತ್ತೆ ಹತ್ತಬಹುದು. ದಿಂಬು, ಹಾಸಿಗೆ, ಸೋಫಾ ಮೇಲೆ ಚಾರ್ಜಿಗೆ ಇಡಬೇಡಿ. ಊದಿಕೊಂಡ ಬ್ಯಾಟರಿ ಬಳಸಬೇಡಿ. ದೊಡ್ಡ ಬ್ಯಾಟರಿಗೆ ಅದರದೇ ಚಾರ್ಜರ್. ಮುಖ್ಯವಾಗಿ, ಸ್ಕೂಟರನ್ನು ಮನೆಯ ಬಾಗಿಲಿನ ಬಳಿ, ಮೆಟ್ಟಿಲ ಕೆಳಗೆ ನಿಲ್ಲಿಸಿ ಚಾರ್ಜ್ ಮಾಡಬೇಡಿ. ಅದು ಹತ್ತಿದರೆ ನೀವು ಓಡಬೇಕಾದ ದಾರಿಯೇ ಉರಿಯುತ್ತಿರುತ್ತದೆ.

ಮತ್ತೊಂದು, ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಹಬ್ಬಕ್ಕೆ ಮುಂಚೆ ಬಾಗಿಲು, ಮೇಜಿಗೆ ಪಾಲಿಶ್ ಮಾಡಿಸುತ್ತೀರಿ, ಅಲ್ವಾ? ಅಗಸೆ ಎಣ್ಣೆ ಇರುವ ಮರದ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಯಾವ ಕಿಡಿಯೂ ಇಲ್ಲದೆ ಕೆಲವು ಗಂಟೆಗಳ ನಂತರ ತಾನಾಗಿ ಹತ್ತಿಕೊಳ್ಳಬಹುದು. ಆ ಎಣ್ಣೆ ಒಣಗುವುದು ಅಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಚ್ಚಿಡಿ.

ಇಷ್ಟೆಲ್ಲ ಮಾಡಿದರೂ ಬೆಂಕಿ ಎದ್ದರೆ? ಇಲ್ಲಿ ನಿಮ್ಮ ಹಣ ಮೊದಲು ಹೋಗಬೇಕಾದದ್ದು ಎಕ್ಸ್‌ಟಿಂಗ್ವಿಷರಿಗೆ ಅಲ್ಲ, ಸ್ಮೋಕ್ ಅಲಾರ್ಮಿಗೆ. ಮನೆ ಬೆಂಕಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಹೊಗೆಯಿಂದ. ಮಲಗಿದ್ದಾಗ ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಅಂತ ನಂಬಿ ಕೂರಬೇಡಿ, ನಿದ್ದೆಯಲ್ಲಿ ಮೂಗು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಮಯವೂ ಮೊದಲಿನಷ್ಟು ಸಿಗುವುದಿಲ್ಲ. ಅಮೆರಿಕದ ಯುಎಲ್ ಸಂಸ್ಥೆ ಎರಡು ಕೋಣೆಗಳಿಗೆ ಬೆಂಕಿ ಹಚ್ಚಿ ಹೋಲಿಸಿ ನೋಡಿತ್ತು. ಹಳೆಯ ಕಾಲದ ಮರ, ಹತ್ತಿಯ ಸಾಮಾನಿದ್ದ ಕೋಣೆ ಪೂರ್ತಿ ಹತ್ತಿಕೊಳ್ಳಲು ಸುಮಾರು 29 ನಿಮಿಷ ತೆಗೆದುಕೊಂಡರೆ, ಫೋಮ್ ಸೋಫಾ, ಸಿಂಥೆಟಿಕ್ ಪರದೆಯ ಈಗಿನ ಕೋಣೆ ನಾಲ್ಕು ನಿಮಿಷದೊಳಗೆ ಹತ್ತಿಕೊಂಡಿತು. ಅದನ್ನು ಫ್ಲ್ಯಾಶ್‌ಓವರ್ ಅನ್ನುತ್ತಾರೆ, ಚಾವಣಿಯ ಹೊಗೆ ಸುಮಾರು 600 ಡಿಗ್ರಿಗೆ ಬಂದಾಗ ಕೋಣೆಯಲ್ಲಿರುವ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಉರಿಯುತ್ತದೆ. ಆಮೇಲೆ ಆ ಕೋಣೆಯಲ್ಲಿ ಬದುಕಲು ಸಾಧ್ಯವಿಲ್ಲ.

ಅಲಾರ್ಮ್ ಮಲಗುವ ಕೋಣೆಗಳಲ್ಲಿ, ಅವುಗಳ ಹೊರಗಿನ ಹಾದಿಯಲ್ಲಿ, ಪ್ರತಿ ಮಹಡಿಯಲ್ಲಿ ಇರಲಿ. ಒಲೆಯಿಂದ ಮೂರು ಮೀಟರ್ ದೂರ, ಇಲ್ಲದಿದ್ದರೆ ಕರಿದಾಗಲೆಲ್ಲ ಕೂಗುತ್ತದೆ, ನೀವು ಬೇಸತ್ತು ಬ್ಯಾಟರಿ ಕಿತ್ತು ಹಾಕುತ್ತೀರಿ. ಫೋಟೋಎಲೆಕ್ಟ್ರಿಕ್ ಥರದ್ದು ಕೊಳ್ಳಿ, ಸೋಫಾ, ಹಾಸಿಗೆಯ ಹೊಗೆಯಾಡುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ, 10 ವರ್ಷವಾದ ಮೇಲೆ ಇಡೀ ಅಲಾರ್ಮನ್ನೇ ಬದಲಿಸಿ. ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ. ಸಾಧಾರಣ ಮರದ ಬಾಗಿಲೂ ಹೊಗೆ, ಬಿಸಿಯನ್ನು ಕೆಲವು ನಿಮಿಷ ತಡೆಯುತ್ತದೆ, ಆ ನಿಮಿಷಗಳೇ ಬೇಕಾಗಿರುವುದು.

ನೆಂಟರು ಬಂದ ಮೊದಲ ದಿನವೇ ಹೊರಗೆ ಹೋಗುವ ದಾರಿ ತೋರಿಸಿ. ಅವರಿಗೆ ನಿಮ್ಮ ಮನೆ ಹೊಸದು, ಕತ್ತಲಲ್ಲಿ ಬಾಗಿಲ ಚಿಲಕ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಒಳಗಿನಿಂದ ಬೀಗ ಹಾಕುವ ಮನೆಯಾದರೆ ಕೀಲಿ ಬಾಗಿಲ ಪಕ್ಕವೇ ಇರಲಿ. ಹಾಲಿನಲ್ಲಿ, ಹಾದಿಯಲ್ಲಿ ಹಾಸಿಗೆ ಹಾಸುವಾಗ ಒಬ್ಬರು ನಡೆಯುವಷ್ಟು ಜಾಗ ಬಿಡಿ, ಬ್ಯಾಗು, ಚಪ್ಪಲಿ ರಾಶಿ ಬಾಗಿಲ ಮುಂದೆ ಬೇಡ. ವಯಸ್ಸಾದವರನ್ನು, ಸಣ್ಣ ಮಕ್ಕಳನ್ನು ಯಾರು ಕರೆದುಕೊಂಡು ಬರುತ್ತಾರೆ ಅಂತ ಮೊದಲೇ ಮಾತಾಗಿರಲಿ. ಹೊರಗೆ ಎಲ್ಲರೂ ಸೇರುವ ಒಂದು ಜಾಗ ಗೊತ್ತು ಮಾಡಿ, ಇಲ್ಲದಿದ್ದರೆ ಆಗಲೇ ಹೊರಗೆ ಬಂದಿರುವವರನ್ನು ಹುಡುಕಲು ಇನ್ನೊಬ್ಬರು ಒಳಗೆ ಹೋಗುತ್ತಾರೆ. ಹೊಗೆ ತುಂಬಿದ್ದರೆ ಬಗ್ಗಿ, ತೆವಳಿ ಬನ್ನಿ, ನೆಲದ ಹತ್ತಿರ ಗಾಳಿ ಸ್ವಲ್ಪ ಚೆನ್ನಾಗಿರುತ್ತದೆ. ಲಿಫ್ಟ್ ಬೇಡ. ಒಮ್ಮೆ ಹೊರಗೆ ಬಂದ ಮೇಲೆ ಫೋನಿಗಾಗಲಿ, ಒಡವೆಗಾಗಲಿ ಮತ್ತೆ ಒಳಗೆ ಹೋಗುವುದಿಲ್ಲ, ಅಷ್ಟೇ.

ಕೊನೆಗೆ ಎಕ್ಸ್‌ಟಿಂಗ್ವಿಷರ್. ತನ್ನಿ, ಬೇಡ ಅನ್ನುವುದಿಲ್ಲ. ಮನೆಗೆ ಸಾಮಾನ್ಯವಾಗಿ ಎಬಿಸಿ ಪುಡಿಯದ್ದು ಆಗುತ್ತದೆ, ಮರ, ಬಟ್ಟೆ, ಪೆಟ್ರೋಲಿನಂಥ ದ್ರವ, ಕರೆಂಟಿನ ಬೆಂಕಿ ಎಲ್ಲಕ್ಕೂ. ಆದರೆ ಉರಿಯುವ ಬಾಣಲೆಗೆ ಅದು ಒಳ್ಳೆಯ ಆಯ್ಕೆ ಅಲ್ಲ. ರಭಸಕ್ಕೆ ಎಣ್ಣೆ ಚಿಮ್ಮಬಹುದು, ಪುಡಿ ಎಣ್ಣೆಯನ್ನು ತಣ್ಣಗೆ ಮಾಡುವುದಿಲ್ಲವಾದ್ದರಿಂದ ಮತ್ತೆ ಹತ್ತಬಹುದು. ಅಡುಗೆ ಎಣ್ಣೆಗೆಂದೇ ವೆಟ್ ಕೆಮಿಕಲ್ ಅನ್ನುವ ಥರ ಇದೆ, ಬ್ರಿಟನ್ ಕಡೆ ಎಫ್ ಕ್ಲಾಸ್, ಅಮೆರಿಕ ಕಡೆ ಕೆ ಕ್ಲಾಸ್ ಅನ್ನುತ್ತಾರೆ. ಮನೆಯ ಬಾಣಲೆಗೆ ಮುಚ್ಚಳವೇ ಸಾಕು, ಅದರ ಜೊತೆ ಒಂದು ಫೈರ್ ಬ್ಲ್ಯಾಂಕೆಟ್ ಇದ್ದರೆ ಇನ್ನೂ ಒಳ್ಳೆಯದು.

ಎಕ್ಸ್‌ಟಿಂಗ್ವಿಷರನ್ನು ಒಲೆಯ ಮೇಲೆ ನೇತುಹಾಕಬೇಡಿ, ಬೆಂಕಿ ದಾಟಿ ಅದನ್ನು ತರಲು ಆಗುವುದಿಲ್ಲ. ಅಡುಗೆಮನೆಯ ಬಾಗಿಲ ಹತ್ತಿರ, ಹೊರಹೋಗುವ ದಾರಿಯ ಕಡೆ ಇರಲಿ. ಬೆನ್ನು ಯಾವಾಗಲೂ ಬಾಗಿಲ ಕಡೆಗೆ, ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿ ಇಟ್ಟು, ಹಿಡಿ ಒತ್ತಿ, ಆಚೀಚೆ ಬೀಸಬೇಕು. ಮನೆಯ ಸಣ್ಣ ಎಕ್ಸ್‌ಟಿಂಗ್ವಿಷರ್ ಹತ್ತು ಹದಿನೈದು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಹಾಗಾಗಿ ಕಸದ ಬುಟ್ಟಿಯಷ್ಟಿರುವ ಬೆಂಕಿಗೆ ಮಾತ್ರ ಪ್ರಯತ್ನಿಸಿ. ಅದೂ ಬೇರೆಯವರೆಲ್ಲ ಹೊರಗೆ ಹೋಗಿ, ಅಗ್ನಿಶಾಮಕಕ್ಕೆ ಫೋನ್ ಹೋದ ಮೇಲೆ. ಒಂದು ಸಲ ಖಾಲಿಯಾದರೂ ಆರದಿದ್ದರೆ ಬಾಗಿಲು ಎಳೆದುಕೊಂಡು ನೀವೂ ಹೊರಗೆ ನಡೆಯಿರಿ. ಕೊಂಡು ತಂದ ದಿನವೇ ಒತ್ತಡದ ಮುಳ್ಳು ಹಸಿರಿನಲ್ಲಿದೆಯಾ ನೋಡಿ, ಮೇಲೆ ಬರೆದಿರುವ ಸೂಚನೆಯನ್ನು ಮನೆಯ ದೊಡ್ಡವರೆಲ್ಲ ಒಮ್ಮೆ ಓದಿ. ನಿಮ್ಮ ಮನೆಯವರೂ.